ಒದ್ದೆ ಬನಿಯನ್ನೂ ಪದ್ಮಿನಿಯೂ

ಆಗುಂಬೆ ಘಾಟಿಯ ಅರ್ಧಕ್ಕೆ ಬಂದಿದ್ದೆವು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಮುಂದೆ ಅಡಿಕೆ ಹೇರಿದ ಟೆಂಪೊ ತೆವಳುತ್ತಿತ್ತು, ಅದರ ಹಿಂದೆ ಫಸ್ಟ್ ಗೇರಿನಲ್ಲಿ ನಾವು. ಕಾರು ಎರಡು ಸಲ ಮುಗ್ಗರಿಸಿತು, ತಿರುವಿನಲ್ಲೇ ನಿಂತುಬಿಟ್ಟಿತು. "ಇಳಿದು ಹಿಂದಿನ ಚಕ್ರಕ್ಕೊಂದು ಕಲ್ಲು ಕೊಡಿ" ಎಂದ ಟೀಚರ್ ಹ್ಯಾಂಡ್‌ಬ್ರೇಕ್ ಎಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ ಎತ್ತಿದರು. ಸ್ಪ್ಯಾನರ್ ಹುಡುಕುತ್ತಾರೆಂದು ನಾನು ಕಾದೆ. ಸೀಟಿನಡಿಯಿಂದ ಅವರು ತೆಗೆದದ್ದು ಹಳೇ ಬನಿಯನ್ನಿನ ತುಂಡು, ಒಂದು ಬಾಟಲಿ ನೀರು. ಬಟ್ಟೆ ಒದ್ದೆ ಮಾಡಿ, ಹಿಂಡಿ, ಇಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡಿರುವ ಪೆಟ್ರೋಲ್ ಪಂಪಿಗೆ ಸುತ್ತಿದರು. "ಡೆಲ್ಕೊ ಮೇಲೆ ಒಂದು ತೊಟ್ಟು ನೀರು ಬಿದ್ದರೆ ಇನ್ನೊಂದು ತಲೆನೋವು" ಎಂದರು. ಡೆಲ್ಕೊ ಅಂದರೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್. ಸ್ವಲ್ಪ ಹೊತ್ತಿನ ಮೇಲೆ ಸೆಲ್ಫ್ ಹೊಡೆದರೆ ಗಾಡಿ ಗುಡುಗಿಕೊಂಡು ಎದ್ದಿತು.

ತೀರ್ಥಹಳ್ಳಿ ಕಡೆಯ ಈ ನಿವೃತ್ತ ಹೈಸ್ಕೂಲ್ ಟೀಚರ್ ಹಳೆಯ ಪ್ರೀಮಿಯರ್ ಪದ್ಮಿನಿಯೊಂದನ್ನು ಬಹುಪಾಲು ತಮ್ಮ ಕೈಯಾರೆ ನೋಡಿಕೊಳ್ಳುತ್ತಾರೆ ಎಂದು ಕೇಳಿ ಹೋದವನು ನಾನು. ಹೋದದ್ದು ಅನುಮಾನ ಇಟ್ಟುಕೊಂಡೇ. ಹಳೇ ಕಾರಿನ ಮೋಹಿಗಳಲ್ಲಿ ಮಾತು ಜಾಸ್ತಿ, ಗ್ರೀಸ್ ಹತ್ತಿದ ಕೈ ಕಮ್ಮಿ. ಘಾಟಿಯಲ್ಲಿ ಆ ಅನುಮಾನ ಕರಗಿತು.

ಪದ್ಮಿನಿಯ ಜಾತಕ ಓದುಗರಿಗೆ ಗೊತ್ತಿರುವುದೇ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್, ಮುಂಬೈಯ ಕುರ್ಲಾ ಕಾರ್ಖಾನೆ, ಇಟಲಿಯ ಫಿಯೆಟ್ 1100ರ ಅಚ್ಚು, 1089 ಸಿ.ಸಿ. ಇಂಜಿನ್. ಇದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದವರು. ಅದಕ್ಕೂ ಮೊದಲೇ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತಕ್ಕೊಂದು ಕಾರು ಕಾರ್ಖಾನೆ ಬೇಕೆಂದು ಓಡಾಡಿದ್ದರು. ಬ್ರಿಟಿಷ್ ಸರ್ಕಾರ ಸೊಪ್ಪು ಹಾಕಲಿಲ್ಲ. ಎಪ್ಪತ್ತರ ದಶಕದಲ್ಲಿ ಫಿಯೆಟ್ ಹೆಸರು ಹೋಗಿ ಪದ್ಮಿನಿ ಬಂತು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ತಯಾರಿಕೆಯೇ ನಿಂತಿತು. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ಕ್ಕೆ ರಸ್ತೆಯಿಂದ ಇಳಿಯಿತು.

ಒದ್ದೆ ಬಟ್ಟೆಯ ವಿಷಯ ಮಾತ್ರ ನನ್ನನ್ನು ಬಿಡಲೊಲ್ಲದು. ಗಾಡಿ ಹೀಗೆ ನಿಲ್ಲುವುದನ್ನು ಘಾಟಿ ಹತ್ತಿದ ಹಳೇ ಡ್ರೈವರುಗಳೆಲ್ಲ "ಏರ್ ಲಾಕ್" ಅನ್ನುತ್ತಾರೆ. ಪದ್ಮಿನಿಯ ಪೆಟ್ರೋಲ್ ಟ್ಯಾಂಕು ಹಿಂದೆ, ಪಂಪು ಮುಂದೆ, ಅದೂ ಕಾದ ಇಂಜಿನ್ನಿನ ಮೈಗೆ ಅಂಟಿಕೊಂಡು. ಟ್ಯಾಂಕಿನಿಂದ ಪಂಪು ಪೆಟ್ರೋಲನ್ನು ಹೀರಬೇಕು. ಹೀರುವಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದ ದ್ರವ ಬೇಗ ಕುದಿಯುತ್ತದೆ. ಪೆಟ್ರೋಲಿನ ಹಗುರ ಅಂಶಗಳಂತೂ 35-40 ಡಿಗ್ರಿಯಲ್ಲೇ ಕುದಿಯಲು ಶುರು. ಘಾಟಿಯಲ್ಲಿ ವೇಗ ಕಮ್ಮಿ, ಗಾಳಿ ಕಮ್ಮಿ, ಇಂಜಿನ್ನಿಗೆ ದುಡಿಮೆ ಜಾಸ್ತಿ. ಪಂಪಿನೊಳಗೆ ಪೆಟ್ರೋಲ್ ಆವಿಯಾದ ಮೇಲೆ ಆ ಪುಟ್ಟ ಡಯಾಫ್ರಂ ಎಷ್ಟು ಬಡಿದರೂ ಆವಿ ಹಿಗ್ಗುತ್ತದೆ, ಕುಗ್ಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಬಟ್ಟೆಯ ನೀರು ಆರುತ್ತ ಪಂಪಿನ ಶಾಖವನ್ನು ಎಳೆದುಕೊಳ್ಳುತ್ತದೆ, ಒಳಗಿನ ಆವಿ ಮತ್ತೆ ದ್ರವವಾಗುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ ಇಲ್ಲಿಯದೂ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಮುಳುಗಿ, ಒತ್ತಡ ಕೊಟ್ಟು ಪೆಟ್ರೋಲನ್ನು ಮುಂದಕ್ಕೆ ದೂಡುತ್ತದೆ. ಅವುಗಳ ಬಾನೆಟ್ಟಿನಡಿ ಬನಿಯನ್ನಿಗೆ ಕೆಲಸವಿಲ್ಲ.

ಪೆಟ್ರೋಲ್ ಪೈಪಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸುವವರೂ ಇದ್ದಾರೆ. ಅವು ಶಾಖ ಹೀರುತ್ತವಂತೆ. ಮರ ಶಾಖ ಸಾಗಿಸುವುದರಲ್ಲಿ ಎಷ್ಟು ಸೋಮಾರಿ ಎಂದು ಸೌದೆ ಒಲೆ ಉರಿಸಿದವರಿಗೆ ಗೊತ್ತು, ನನಗೆ ನಂಬಿಕೆಯಿಲ್ಲ. ಟ್ಯಾಂಕು ಜಿನುಗಿದರೆ ಬಾರ್ ಸೋಪು ತಿಕ್ಕುವುದನ್ನು ಒಪ್ಪುತ್ತೇನೆ. ಸೋಪು ಪೆಟ್ರೋಲಿನಲ್ಲಿ ಕರಗದು, ಗ್ಯಾರೇಜ್ ಮುಟ್ಟುವವರೆಗೆ ಹಿಡಿದಿಡುತ್ತದೆ. ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವ ಲಾರಿ ವಿದ್ಯೆ ಕೇಳುವುದಕ್ಕೆ ಚಂದ. ಸೋರುವ ತೂತು ಮುಚ್ಚುವ ಪುಡಿ, ನೀರು ಹರಿಯಬೇಕಾದ ಸಣ್ಣ ಕೊಳವೆಗಳನ್ನೂ ಮುಚ್ಚಬಲ್ಲದು. ಟೀಚರ್ ಅಂದದ್ದು: "ಅರಿಶಿನ ಸಾರಿಗೆ ಹಾಕಿ."

ಅವರ ಶೆಡ್ಡಿನಲ್ಲಿ ಆಯಿಲ್ ಕಲೆಯ ಲಾಂಗ್ ಬುಕ್ ಒಂದು ಮೊಳೆಗೆ ನೇತಾಡುತ್ತದೆ. ತಾರೀಕು, ಕಿಲೋಮೀಟರು, ಮಾಡಿದ ಕೆಲಸ, ಕೊಟ್ಟ ದುಡ್ಡು. ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಕರೆಂಟು, ಆಮೇಲೆ ಪೆಟ್ರೋಲು, ಕೊನೆಗೆ ಗಾಳಿ. ಈ ಸಾಲು ತಪ್ಪಿಸಬಾರದೆಂಬುದು ಅವರ ಕಟ್ಟಪ್ಪಣೆ. ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಅದರ ಮೈಯನ್ನು ಇಂಜಿನ್ನಿಗೆ ತಾಗಿಸಿಟ್ಟು ನನ್ನಿಂದ ಸೆಲ್ಫ್ ಹೊಡೆಸಿದರು. ನೀಲಿ ಕಿಡಿ ಚಟಚಟ ಹಾರಿತು. ಕಿಡಿ ಹಳದಿಯಾಗಿ ಸೊರಗಿದ್ದರೆ ಡೆಲ್ಕೊ ಒಳಗಿನ ಪಾಯಿಂಟೋ ಕಂಡೆನ್ಸರೋ ಕೈಕೊಟ್ಟಿದೆ ಎಂದರ್ಥ. ಪ್ಲಗ್ಗಿನ ಮೂತಿ ಬಿಸ್ಕತ್ ಬಣ್ಣಕ್ಕಿದ್ದರೆ ಇಂಜಿನ್ ಸುಖವಾಗಿದೆ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಅತಿಯಾಗಿದೆ, ಜಿಡ್ಡು ಕಪ್ಪಾದರೆ ಆಯಿಲ್ ಮೇಲೇರುತ್ತಿದೆ. ಅವರ ಡಬ್ಬಿಯಲ್ಲಿ ಹಳೇ ಮೈಕೋ ಪ್ಲಗ್ಗುಗಳು ಇನ್ನೂ ಇವೆ. 1951ರಲ್ಲಿ ಶುರುವಾದ ಮೈಕೋ, ಬಾಷ್ ಎಂದು ಹೆಸರು ಬದಲಿಸಿದ್ದು 2008ರಲ್ಲಿ. ಬೆಂಗಳೂರಿನ ಆಡುಗೋಡಿಯವರು ಈಗಲೂ ಮೈಕೋ ಅಂದೇ ಅನ್ನುವುದು.

ಪಾಯಿಂಟಿನ ಸಂದು ಅಳೆಯಲು ಬೆಂಕಿಪೊಟ್ಟಣದ ರಟ್ಟು ಸಾಕೆನ್ನುವ ಮೆಕ್ಯಾನಿಕ್‌ಗಳನ್ನು ಕಂಡರೆ ಟೀಚರಿಗೆ ಆಗದು. ಸಂದು ಅರ್ಧ ಮಿಲಿಮೀಟರಿಗೂ ಕಮ್ಮಿ. ರಟ್ಟು ಪೊಟ್ಟಣದಿಂದ ಪೊಟ್ಟಣಕ್ಕೆ ಬೇರೆ. ಫೀಲರ್ ಗೇಜಿನ ಎಲೆಯನ್ನು ಎರಡು ಪಾಯಿಂಟುಗಳ ನಡುವೆ ತೂರಿಸಿ, ಸಣ್ಣಗೆ ಹಿಡಿದಂತಾಗಬೇಕು, ಸಿಕ್ಕಿಕೊಳ್ಳಬಾರದು ಎಂದು ನನ್ನ ಕೈಯಲ್ಲೂ ಎಳೆಸಿದರು. ಮಳೆಗಾಲದಲ್ಲಿ ಡೆಲ್ಕೊ ಮುಚ್ಚಳದೊಳಗೆ ತೇವ ಕೂತು ಕಿಡಿ ದಾರಿ ತಪ್ಪುತ್ತದೆ. ಆಗ ಮುಚ್ಚಳ ಬಿಚ್ಚಿ, ಒರೆಸಿ, ಬಚ್ಚಲ ಒಲೆಯ ಹತ್ತಿರ ಬೆಚ್ಚಗಿಟ್ಟು ಹಾಕುತ್ತಾರೆ. ಮಲೆನಾಡಿನ ಸರ್ವಿಸ್ ಮ್ಯಾನ್ಯುಯಲ್ ಬೇರೆಯೇ.

ಬ್ರೇಕು, ಸ್ಟೇರಿಂಗಿಗೆ ಅವರು ಕೈ ಹಾಕುವುದಿಲ್ಲ. ಬ್ರೇಕ್ ಆಯಿಲ್ ತೇವ ಹೀರಿಕೊಳ್ಳುತ್ತದೆಂದು ಎರಡು ವರ್ಷಕ್ಕೊಮ್ಮೆ ತೀರ್ಥಹಳ್ಳಿಯಲ್ಲಿ ಬದಲಾಯಿಸಿಕೊಂಡು ಬರುತ್ತಾರೆ, ಅಷ್ಟೆ. ಎಲ್ಲವನ್ನೂ ತಾನೇ ಮಾಡುತ್ತೇನೆ ಅನ್ನುವವರಿಗಿಂತ ಈ ಎಚ್ಚರ ನನಗೆ ಹೆಚ್ಚು ಹಿಡಿಸಿತು.

ಸರ್ಕಾರಕ್ಕೆ ಹಳೇ ಕಾರುಗಳ ಮೇಲೆ ಅಂಥ ಪ್ರೀತಿಯೇನಿಲ್ಲ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000ಕ್ಕೆ ಹಾರಿತು. ಅದಕ್ಕಿಂತ ದೊಡ್ಡ ತೊಂದರೆ ಪೆಟ್ರೋಲಿನಲ್ಲೇ ಇದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಕಬ್ಬು ಬೆಳೆಯುವವರಿಗೆ ಒಳ್ಳೆಯದಾಗಲಿ, ತಕರಾರಿಲ್ಲ. ಆದರೆ ಎಥನಾಲ್ ತೇವ ಹೀರುತ್ತದೆ, ಹಳೇ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಇನ್ನೊಂದು ವಿಚಿತ್ರ: ಬರೀ ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ, ಆದರೂ ಪೆಟ್ರೋಲಿಗೆ ಬೆರೆತರೆ ಮಿಶ್ರಣದ ಆವಿಯ ಒತ್ತಡ ಏರುತ್ತದೆ. ಎಂದರೆ ಘಾಟಿಯಲ್ಲಿ ಬನಿಯನ್ನಿಗೆ ಕೆಲಸ ಹೆಚ್ಚಿತು.

ಹಳೇ ಕಾರ್ಬೊರೇಟರ್ ಗಾಡಿ ಇಟ್ಟುಕೊಂಡವರು ಈ ವಾರವೇ ಬಾನೆಟ್ ಎತ್ತಿ ಪೆಟ್ರೋಲ್ ಪೈಪುಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕು ಕಂಡರೆ, ಜಿಡ್ಡಾಗಿ ಮೆತ್ತಗಿದ್ದರೆ, ವಾಸನೆ ಬಂದರೆ ಕತ್ತರಿಸಿ ಬಿಸಾಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಸ್ಪೇರ್ಸ್ ಅಂಗಡಿಯಲ್ಲಾಗಲಿ ಎಥನಾಲ್ ತಾಳುವ ಪೈಪನ್ನೇ ಕೇಳಿ. ಮೈಮೇಲೆ ಎಸ್‌ಎಇ ಜೆ30 ಆರ್9 ಎಂಬ ಅಚ್ಚಿದ್ದರೆ ಒಳ್ಳೆಯದು. ಪೈಪು ಬಿಗಿಯುವ ಕ್ಲಿಪ್ಪುಗಳನ್ನೂ ಹೊಸದು ಹಾಕಿ, ಸೀಟಿನಡಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಟ್ಯೂನಿಂಗ್ ಮುಂದಿನ ಭಾನುವಾರ ಮಾಡಿದರಾಯಿತು.