ಐಸ್‌ಕ್ರೀಮಿನಲ್ಲಿ ಆಹಾರವೆಷ್ಟು?

ಐಸ್‌ಕ್ರೀಮು ಹಾಲಿನಿಂದಾದುದು; ಆದುದರಿಂದ ಹಾಲಿನಂತೆಯೇ ಪುಷ್ಟಿಕರವೆಂದು ಹಲವರ ಭಾವನೆ. ಇದು ಎಷ್ಟರ ಮಟ್ಟಿಗೆ ನಿಜ?

ಸಾಧಾರಣ ವೆನಿಲಾ ಐಸ್‌ಕ್ರೀಮಿನ ೧೦೦ ಗ್ರಾಂನಲ್ಲಿ ಸುಮಾರು ೬೦ ಗ್ರಾಂ ನೀರು, ೧೧ ಗ್ರಾಂ ಕೊಬ್ಬು, ೩.೫ ಗ್ರಾಂ ಸಸಾರಜನಕ ಹಾಗೂ ಹಾಲಿನ ಸಹಜ ಸಕ್ಕರೆಯೂ ಸೇರಿ ೨೧ ಗ್ರಾಂ ಸಕ್ಕರೆ ಇರುತ್ತವೆ. ದೇಹವನ್ನು ಬೆಳೆಸುವ ಸಸಾರಜನಕ, ಎಲುಬನ್ನು ಬಲಪಡಿಸುವ ಸುಣ್ಣಾಂಶ ಇವೆರಡೂ ಅಷ್ಟೇ ತೂಕದ ಹಾಲಿನಲ್ಲಿರುವಷ್ಟೇ ಸರಿಸುಮಾರು ಇದರಲ್ಲಿಯೂ ಉಂಟು. ಆದರೆ ಹಾಲು ಕೊಡುವುದು ಸುಮಾರು ೬೫ ಕ್ಯಾಲೊರಿ. ಐಸ್‌ಕ್ರೀಮು ಕೊಡುವುದು ೨೦೦ ಕ್ಯಾಲೊರಿ! ಕೊಬ್ಬು ಸಕ್ಕರೆಗಳೇ ಇದಕ್ಕೆ ಕಾರಣ.

ಹೆಪ್ಪುಗಟ್ಟಿಸುವಾಗ ಕಡೆಯುವುದರಿಂದ ಅದರಲ್ಲಿ ಗಾಳಿ ಬೆರೆಯುತ್ತದೆ. ಆದುದರಿಂದಲೇ ಬಟ್ಟಲು ತುಂಬಿದಂತೆ ಕಂಡರೂ ತೂಕ ಕಡಿಮೆ.

ಪೊಟ್ಟಣದ ಮೇಲಿನ ಹೆಸರನ್ನೂ ಓದಬೇಕು. ನಮ್ಮ ದೇಶದ ನಿಯಮದಂತೆ ಐಸ್‌ಕ್ರೀಮಿನ ಕೊಬ್ಬು ಹಾಲಿನದಾಗಿರಬೇಕು. ಸಾಧಾರಣ ಬಗೆಯಲ್ಲಿ ಅದು ಶೇಕಡ ೧೦ಕ್ಕೆ ಕಡಿಮೆಯಿರಕೂಡದು. ತಾಳೆಯೆಣ್ಣೆಯಂತಹ ಸಸ್ಯತೈಲ ಬೆರೆಸಿದುದರ ಹೆಸರು ‘ಫ್ರೋಜನ್ ಡೆಸರ್ಟ್’. ನಗರದ ಕೈಗಾಡಿಯಲ್ಲಿ ಎರಡೂ ಒಂದೇ ಬಣ್ಣದಿಂದ ನಗುತ್ತಿರಬಹುದು. ಅಕ್ಷರ ಬಲ್ಲವನು ಮೋಸಹೋಗನು.

ವಿದ್ಯಾರ್ಥಿಗಳೇ, ಹಾಲು ನಿತ್ಯದ ಅನ್ನದಂತೆ. ಐಸ್‌ಕ್ರೀಮು ಹಬ್ಬದ ಹೋಳಿಗೆಯಂತೆ. ಹೋಳಿಗೆಯನ್ನು ಬಿಡಬೇಕಾಗಿಲ್ಲ, ಅದನ್ನೇ ಅನ್ನವೆಂದು ತಿಳಿಯಬಾರದು, ಅಷ್ಟೆ.