ಬಾಲ್ಯಶಿಕ್ಷಣವೂ ಬೊಕ್ಕಸದ ಹಣವೂ

ಪ್ರತಿವರ್ಷವೂ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದಾಗ ನಾವು ತೇರ್ಗಡೆಯಾದವರನ್ನು ಎಣಿಸುತ್ತೇವೆ, ಅನುತ್ತೀರ್ಣರಾದವರಿಗಾಗಿ ಮರುಗುತ್ತೇವೆ. ಪರೀಕ್ಷೆಯ ಕೊಠಡಿಯವರೆಗೂ ಬಾರದೆ ಉಳಿದವರ ಹೆಸರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗನನ್ನು ಕುರಿತು ‘ಅವನಿಗೆ ಓದಿನಲ್ಲಿ ಮನಸ್ಸಿರಲಿಲ್ಲ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಆ ಮನಸ್ಸು ಯಾವಾಗ ಹೋಯಿತು, ಏಕೆ ಹೋಯಿತು ಎಂದು ವಿಚಾರಿಸಹೊರಟರೆ ಬಹಳ ಹಿಂದಕ್ಕೆ ನಡೆಯಬೇಕಾಗುತ್ತದೆ. ಎಷ್ಟು ಹಿಂದಕ್ಕೆ ಎಂಬುದನ್ನು ತೋರಿಸಿಕೊಟ್ಟ ಒಂದು ಪ್ರಯೋಗದ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ವಿದ್ಯೆಯು ಮೆಟ್ಟಿಲುಗಳ ಮೇಲಿನ ನಡಿಗೆ. ಮೊದಲ ಎರಡು ಮೂರು ವರ್ಷ ಮಗು ಓದುವುದನ್ನು ಕಲಿಯುತ್ತದೆ. ಅನಂತರ ಓದಿನ ಮೂಲಕ ಉಳಿದುದನ್ನೆಲ್ಲ ಕಲಿಯಬೇಕು. ಅಕ್ಷರ ಕೂಡಿಸಲು ತಡವರಿಸುವ ಮಗುವಿಗೆ ನಾಲ್ಕನೆಯ ತರಗತಿಯ ಪರಿಸರ ಪಾಠವೂ ಐದನೆಯ ತರಗತಿಯ ಲೆಕ್ಕವೂ ಒಂದೇ ಕತ್ತಲೆ. ಮನೆಯಲ್ಲಿ ಓದುಬಲ್ಲವರಿದ್ದರೆ ಕೊರತೆಯನ್ನು ತುಂಬಿಯಾರು. ಕೂಲಿಯಿಂದ ಹಿಂದಿರುಗಿ ಒಲೆ ಹಚ್ಚುವ ತಾಯಿಗೆ ಪ್ರೀತಿಯಿದ್ದರೂ ಪಾಠ ಹೇಳಿಕೊಡುವ ಶಕ್ತಿ ಎಲ್ಲಿಂದ ಬರಬೇಕು? ವರ್ಷ ಕಳೆದಂತೆ ಅಂತರ ಬೆಳೆಯುತ್ತದೆ. ಒಂದು ದಿನ ಹುಡುಗ ಚೀಲವನ್ನು ಗೂಟಕ್ಕೆ ತೂಗುಹಾಕುತ್ತಾನೆ.

ಇಂತಹದೇ ಅನುಭವ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಪಟ್ಟಣದಲ್ಲಿ ಡೇವಿಡ್ ವೈಕಾರ್ಟ್ ಎಂಬ ಶಿಕ್ಷಣಾಧಿಕಾರಿಗೆ ಆಯಿತು. ಅಲ್ಲಿನ ಬಡ ಕರಿಯ ಜನಾಂಗದ ಮಕ್ಕಳು ಪ್ರೌಢಶಾಲೆಯನ್ನು ಮುಗಿಸದೆ ಹೋಗುತ್ತಿದ್ದರು. ರೋಗಕ್ಕೆ ಮೂಲದಲ್ಲಿಯೇ ಚಿಕಿತ್ಸೆಯಾಗಬೇಕೆಂದು ಬಗೆದ ಆತನು 1962ರಲ್ಲಿ ಪೆರಿ ಎಂಬ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದು ಶಿಶುಶಾಲೆಯನ್ನು ಆರಂಭಿಸಿದನು. ಮೂರು ನಾಲ್ಕು ವರ್ಷದ 123 ಮಕ್ಕಳನ್ನು ಆರಿಸಿ ಎರಡು ಗುಂಪು ಮಾಡಲಾಯಿತು. 58 ಮಕ್ಕಳಿಗೆ ಶಿಶುಶಾಲೆ ದೊರೆಯಿತು. 65 ಮಕ್ಕಳಿಗೆ ದೊರೆಯಲಿಲ್ಲ. ಬಹುಪಾಲು ಮಕ್ಕಳಿಗೆ ಇದು ಎರಡು ವರ್ಷದ ವ್ಯಾಸಂಗ. ದಿನಕ್ಕೆ ಎರಡೂವರೆ ಗಂಟೆಯ ಆಟಪಾಠ, ಐದಾರು ಮಕ್ಕಳಿಗೆ ಒಬ್ಬ ಉಪಾಧ್ಯಾಯಿನಿ, ವಾರಕ್ಕೊಮ್ಮೆ ಉಪಾಧ್ಯಾಯಿನಿ ಮನೆಗೇ ಹೋಗಿ ತಾಯಿಯೊಡನೆ ಕುಳಿತು ಮಗುವಿಗೆ ಕಲಿಸುವುದು — ಇಷ್ಟೇ ಅಲ್ಲಿನ ಕ್ರಮ.

ಮೊದಲು ಮಕ್ಕಳ ಬುದ್ಧಿಮಾಪನದ ಅಂಕಗಳು ಏರಿದುವು. ಆದರೆ ಎಂಟು ವರ್ಷ ತುಂಬುವ ಹೊತ್ತಿಗೆ ಎರಡು ಗುಂಪುಗಳ ನಡುವಣ ಆ ವ್ಯತ್ಯಾಸ ಅಳಿಸಿಹೋಯಿತು. ಅಲ್ಲಿಗೇ ಲೆಕ್ಕ ಮುಚ್ಚಿದ್ದರೆ ‘ಹಣ ನೀರಿನಲ್ಲಿ ಹೋಮವಾಯಿತು’ ಎಂದು ಎಲ್ಲರೂ ತೀರ್ಮಾನಿಸುತ್ತಿದ್ದರು. ಸಂಶೋಧಕರು ಮುಚ್ಚಲಿಲ್ಲ, ಆ ಮಕ್ಕಳನ್ನು ನಲವತ್ತು ವರ್ಷ ವಯಸ್ಸಿನವರೆಗೂ ಹಿಂಬಾಲಿಸಿದರು. ಶಿಶುಶಾಲೆಗೆ ಹೋಗಿದ್ದವರಲ್ಲಿ ನೂರಕ್ಕೆ 77 ಮಂದಿ ಪ್ರೌಢಶಾಲೆಯ ಶಿಕ್ಷಣವನ್ನೋ ಅದಕ್ಕೆ ಸಮಾನವಾದ ಪರೀಕ್ಷೆಯನ್ನೋ ಪೂರೈಸಿದ್ದರು. ಹೋಗದಿದ್ದವರಲ್ಲಿ 60 ಮಂದಿ. ಹೆಂಗಸರನ್ನಷ್ಟೇ ತೆಗೆದುಕೊಂಡರೆ ಈ ಸಂಖ್ಯೆಗಳು 88 ಮತ್ತು 46! ಬುದ್ಧಿಯ ಅಂಕಕ್ಕಿಂತ ಮಿಗಿಲಾದ ಏನೋ ಒಂದು ಆ ಮಕ್ಕಳಲ್ಲಿ ನೆಲೆನಿಂತಿತ್ತು. ಹಿಡಿದ ಕೆಲಸವನ್ನು ಬಿಡದಿರುವುದು, ಗುರುವಿನೊಡನೆ ಹೆದರದೆ ಮಾತನಾಡುವುದು, ‘ಶಾಲೆ ನನ್ನದು’ ಎಂಬ ಭಾವನೆ — ಇವೇ ಇರಬೇಕು.

ಇನ್ನು ಹಣದ ಮಾತು. ಒಂದು ಮಗುವಿಗೆ ತಗುಲಿದ ವೆಚ್ಚ, 2000ದ ಬೆಲೆಯಲ್ಲಿ, ಸುಮಾರು 15,000 ಡಾಲರುಗಳು. ವೆಚ್ಚವಾದ ಒಂದೊಂದು ಡಾಲರಿಗೆ ಸಾರ್ವಜನಿಕರಿಗೆ 12.90 ಡಾಲರು ಹಿಂದಕ್ಕೆ ಬಂದಿತೆಂದು ಸಂಶೋಧಕರು ಎಣಿಸಿದರು. ಇದರಲ್ಲಿ ದೊಡ್ಡ ಪಾಲು ಅಪರಾಧಗಳು ಕಡಿಮೆಯಾದುದರಿಂದ ಉಳಿದ ಹಣ. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಮತ್ತು ಸಂಗಡಿಗರು 2010ರಲ್ಲಿ ಇನ್ನೂ ಬಿಗಿಯಾಗಿ ಲೆಕ್ಕಹಾಕಿ, ವರ್ಷಕ್ಕೆ ನೂರಕ್ಕೆ 7ರಿಂದ 10ರಷ್ಟು ಪ್ರತಿಫಲವೆಂದರು. 123 ಮಕ್ಕಳ ಸಣ್ಣ ಪ್ರಯೋಗವಿದು, ಎಲ್ಲ ದೇಶಕ್ಕೂ ಅನ್ವಯಿಸದು ಎಂಬ ಆಕ್ಷೇಪಣೆ ನ್ಯಾಯವಾದುದೇ. ಅಂಕಿಗಳನ್ನು ಎರವಲು ತರಲಾಗದು. ಆದರೆ ಬುನಾದಿಗೆ ಹಾಕಿದ ಕಲ್ಲು ಮಹಡಿಯನ್ನು ಹೊರುತ್ತದೆಂಬ ತತ್ತ್ವಕ್ಕೆ ದೇಶದ ಗಡಿಯಿಲ್ಲ.

ನಮ್ಮಲ್ಲಿ ಈ ಬುನಾದಿ ಇಲ್ಲವೇ? ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ತಿರುಮಕೂಡಲು ನರಸೀಪುರವೂ ಅವುಗಳಲ್ಲಿ ಒಂದು. ಇಂದು ಅಂಗನವಾಡಿಯಿಲ್ಲದ ಊರು ಅಪರೂಪ. ಆದರೆ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಮೊದಲಾದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಕೇವಲ ಒಂದು. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ತೂಕ ನೋಡಿ, ಅಡುಗೆ ಬಡಿಸಿ, ದಾಖಲೆ ತುಂಬಿದ ಮೇಲೆ ಕಥೆ ಹೇಳಲು ಹೊತ್ತೆಲ್ಲಿ? ಆಕೆಯ ತಪ್ಪಲ್ಲ, ಆಕೆಗೆ ಜೊತೆಗೊಬ್ಬರನ್ನು ಕೊಡದ ಆಯವ್ಯಯದ ತಪ್ಪು.

ಕಾನೂನನ್ನೂ ನೋಡೋಣ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರಿಗೆ ಉಚಿತ ಕಡ್ಡಾಯ ಶಿಕ್ಷಣದ ಭರವಸೆಯಿತ್ತಿತು. ಅಂದರೆ ಎಂಟನೆಯ ತರಗತಿಯವರೆಗೆ ಮಾತ್ರ. ಮಗು ಹೆಚ್ಚು ಎಡವುವ ಎರಡು ತುದಿಗಳು — ಆರಕ್ಕೆ ಮುಂಚಿನ ವರ್ಷಗಳು, ಒಂಬತ್ತು ಹತ್ತನೆಯ ತರಗತಿಗಳು — ಹೊರಗುಳಿದುವು. ಮೂರರಿಂದ ಆರು ವರ್ಷದವರಿಗೆ ಸರ್ಕಾರವು ವ್ಯವಸ್ಥೆ ‘ಮಾಡಬಹುದು’ ಎಂದಿದೆ ಕಾಯಿದೆಯ 11ನೆಯ ಪ್ರಕರಣ, ‘ಮಾಡತಕ್ಕದ್ದು’ ಎನ್ನಲಿಲ್ಲ. ಈ ಎರಡು ಪದಗಳ ನಡುವಣ ಕಂದಕದಲ್ಲಿ ಎಷ್ಟು ಬಾಲ್ಯಗಳು ಬಿದ್ದಿವೆ!

ನಮ್ಮ ಈ ಕಾಲೇಜಿನಲ್ಲಿ ಮನೆತನಕ್ಕೇ ಮೊದಲ ಪದವೀಧರರಾಗಲಿರುವವರು ಅನೇಕರಿದ್ದೇವೆ; ಈ ಲೇಖಕನೂ ಅವರಲ್ಲೊಬ್ಬ. ಒಂದನೆಯ ತರಗತಿಯಲ್ಲಿ ನಮ್ಮೊಡನೆ ಒಂದೇ ಚಾಪೆಯ ಮೇಲೆ ಕುಳಿತವರೆಲ್ಲ ನಮಗಿಂತ ದಡ್ಡರಾಗಿರಲಿಲ್ಲ. ಯಾರೋ ಒಬ್ಬ ಮೇಷ್ಟರು, ಒಬ್ಬ ಅಕ್ಕ, ಸಮಯಕ್ಕೆ ನಮ್ಮ ಕೈಹಿಡಿದರು. ಅವರ ಕೈಯನ್ನು ಹಿಡಿಯುವವರಿರಲಿಲ್ಲ. ಅದೃಷ್ಟವು ಕೆಲವರಿಗೆ ಕೊಟ್ಟುದನ್ನು ಎಲ್ಲರಿಗೂ ಒದಗಿಸುವುದೇ ಸರ್ಕಾರದ ಕರ್ತವ್ಯ. ನಾಳೆ ನಮ್ಮಲ್ಲಿ ಕೆಲವರು ಉಪಾಧ್ಯಾಯರಾಗಬಹುದು, ಕೆಲವರು ಅಧಿಕಾರಿಗಳಾಗಬಹುದು. ಮತದಾರರಂತೂ ಎಲ್ಲರೂ ಆಗಿದ್ದೇವೆ. ಆಯವ್ಯಯ ಪತ್ರವನ್ನು ಓದುವಾಗ ಮೂರು ವರ್ಷದ ಮಗುವಿನ ಪಾಲೆಷ್ಟು ಎಂದು ಕೇಳುವ ಅಭ್ಯಾಸವನ್ನು ನಾವು ಇಂದಿನಿಂದಲೇ ಬೆಳೆಸಿಕೊಳ್ಳೋಣ.