ವಾರ್ಡಿನಾಚೆಯ ಶುಶ್ರೂಷೆ: ಪದವಿ ಪಡೆದ ದಾದಿಯರಿಗೆ ಊರೇ ಪಾಠಶಾಲೆ

ಜಮಖಂಡಿ: ನರ್ಸಿಂಗ್ ಶಿಕ್ಷಣ ಎಂದೊಡನೆ ಕಣ್ಣೆದುರು ಬರುವುದು ದೊಡ್ಡ ಆಸ್ಪತ್ರೆ, ಶಸ್ತ್ರಚಿಕಿತ್ಸಾ ಕೊಠಡಿ, ತೀವ್ರ ನಿಗಾ ಘಟಕ. ಆದರೆ ಬಿ.ಎಸ್ಸಿ ನರ್ಸಿಂಗ್ ಪದವಿ ಪಡೆದ ಅನೇಕರು ಇಂದು ಕೆಲಸಕ್ಕೆ ಸೇರುತ್ತಿರುವುದು ಹಳ್ಳಿಯ ಆರೋಗ್ಯ ಉಪಕೇಂದ್ರಗಳಲ್ಲಿ. ಅಲ್ಲಿ ವೈದ್ಯರಿರುವುದಿಲ್ಲ. ಗರ್ಭಿಣಿಯ ರಕ್ತದೊತ್ತಡ ಏರಿದೆಯೇ, ಮಗುವಿನ ಭೇದಿ ಮನೆಯಲ್ಲೇ ವಾಸಿಯಾಗುವಂಥದೇ, ಯಾರನ್ನು ಈ ಕ್ಷಣವೇ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಬೇಕು ಎಂಬುದನ್ನು ಮೊದಲು ಗುರುತಿಸಬೇಕಾದವರು ಇವರೇ.

ಈ ಹೊಣೆಗೆ ವಿಶ್ವವಿದ್ಯಾಲಯದ ಶಿಕ್ಷಣ ಅವರನ್ನು ಎಷ್ಟರ ಮಟ್ಟಿಗೆ ಸಜ್ಜುಗೊಳಿಸುತ್ತದೆ? ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ಪ್ರಶ್ನೆಯ ಗಾಂಭೀರ್ಯ ತಿಳಿಯುತ್ತದೆ. ಕಬ್ಬು, ಮಗ್ಗ, ನದಿ, ಜಲಾಶಯದ ಹಿನ್ನೀರು ಇಲ್ಲಿಯ ಬದುಕನ್ನು ರೂಪಿಸಿವೆ, ಕಾಯಿಲೆಗಳನ್ನೂ ರೂಪಿಸಿವೆ.

ಬೆಳೆದು ಬಂದ ದಾರಿ

ಸಾರ್ವಜನಿಕ ಆರೋಗ್ಯಕ್ಕಾಗಿ ಮಹಿಳೆಯರಿಗೆ ತರಬೇತಿ ನೀಡುವ ಪ್ರಯತ್ನ ಭಾರತದಲ್ಲಿ ನೂರು ವರ್ಷಗಳಿಗೂ ಹಳೆಯದು. ಮನೆಮನೆಗೆ ಹೋಗುವ ಆರೋಗ್ಯ ಸಂದರ್ಶಕಿಯರನ್ನು ಸಿದ್ಧಗೊಳಿಸಲು ದೆಹಲಿಯಲ್ಲಿ ಲೇಡಿ ರೀಡಿಂಗ್ ಹೆಲ್ತ್ ಸ್ಕೂಲ್ 1918ರಲ್ಲಿ ಆರಂಭವಾಯಿತು. ವಿಶ್ವವಿದ್ಯಾಲಯದ ಪದವಿ ಮಟ್ಟದ ನರ್ಸಿಂಗ್ ಶಿಕ್ಷಣ ಶುರುವಾದದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರಿನಲ್ಲಿ. ಅದೇ ವರ್ಷ ವರದಿ ನೀಡಿದ ಭೋರ್ ಸಮಿತಿಯು, ಚಿಕಿತ್ಸೆ ಮತ್ತು ರೋಗ ತಡೆ ಎರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಟ್ಟಾಗಿ ನಡೆಯಬೇಕೆಂದು ಪ್ರತಿಪಾದಿಸಿತು. 1973ರ ಕರ್ತಾರ್ ಸಿಂಗ್ ಸಮಿತಿಯ ಶಿಫಾರಸಿನಂತೆ, ಬೇರೆ ಬೇರೆ ಕಾರ್ಯಕ್ರಮಗಳಿಗೆ ಪ್ರತ್ಯೇಕ ಸಿಬ್ಬಂದಿ ಎಂಬ ಪದ್ಧತಿ ಹೋಗಿ ಬಹೂದ್ದೇಶ ಆರೋಗ್ಯ ಕಾರ್ಯಕರ್ತೆಯರ ವ್ಯವಸ್ಥೆ ಬಂದಿತು.

ಕರ್ನಾಟಕದಲ್ಲಿ ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್ ಮೊದಲಾದ ಶಿಕ್ಷಣವನ್ನು ಒಂದೇ ಸೂರಿನಡಿ ತಂದದ್ದು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಬಾಗಲಕೋಟೆ ವಿಜಾಪುರದಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾದದ್ದು ಅದರ ಮರುವರ್ಷ, 1997ರಲ್ಲಿ. ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಸಜ್ಜಲಶ್ರೀ ನರ್ಸಿಂಗ್ ವಿಜ್ಞಾನ ಸಂಸ್ಥೆ ಜಿಲ್ಲಾ ಕೇಂದ್ರದಲ್ಲಿದೆ.

ಪಠ್ಯದಲ್ಲಿ ಏನಿದೆ?

ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಬಿ.ಎಸ್ಸಿ ನರ್ಸಿಂಗ್ ಪಠ್ಯಕ್ರಮವನ್ನು ಪರಿಷ್ಕರಿಸಿ ಸೆಮಿಸ್ಟರ್ ಪದ್ಧತಿಗೆ ತಂದಿತು. ನಾಲ್ಕು ವರ್ಷಗಳ ಈ ಪದವಿಯಲ್ಲಿ ಸಮುದಾಯ ಆರೋಗ್ಯ ಶುಶ್ರೂಷೆಯ ಮೊದಲ ಭಾಗ ಐದನೆಯ ಸೆಮಿಸ್ಟರ್‌ನಲ್ಲಿ, ಎರಡನೆಯ ಭಾಗ ಏಳನೆಯದರಲ್ಲಿ ಬರುತ್ತದೆ. ಪ್ರತಿ ಭಾಗಕ್ಕೂ ತರಗತಿಯ ಪಾಠದ ಜೊತೆಗೆ 160 ಗಂಟೆಗಳ ಕ್ಷೇತ್ರಾಭ್ಯಾಸ ನಿಗದಿಯಾಗಿದೆ. ಅದರಲ್ಲಿ ನಗರ ಪ್ರದೇಶದ ಕೆಲಸವೂ ಉಂಟು, ಗ್ರಾಮೀಣ ಪ್ರದೇಶದ ಕೆಲಸವೂ ಉಂಟು. ಕೊನೆಯ ಸೆಮಿಸ್ಟರ್‌ನ ಇಂಟರ್ನ್‌ಶಿಪ್‌ನಲ್ಲಿ ಮತ್ತೆ ನಾಲ್ಕು ವಾರ ಸಮುದಾಯಕ್ಕೆ ಮೀಸಲು.

ವಾರ್ಡಿನಲ್ಲಿ ಒಬ್ಬ ರೋಗಿಯ ದಾಖಲೆ ಬರೆಯುವ ವಿದ್ಯಾರ್ಥಿನಿ ಇಲ್ಲಿ ಇಡೀ ಕುಟುಂಬದ ಕಡತ ಬರೆಯುತ್ತಾಳೆ. ಮನೆಯಲ್ಲಿ ಎಷ್ಟು ಜನ, ಕುಡಿಯುವ ನೀರು ಎಲ್ಲಿಂದ, ಶೌಚಾಲಯ ಬಳಕೆಯಲ್ಲಿದೆಯೇ, ಒಲೆಯ ಹೊಗೆ ಎಲ್ಲಿ ಹೋಗುತ್ತದೆ, ಯಾರಿಗೆ ಯಾವ ಲಸಿಕೆ ಬಾಕಿ ಎಂಬುದೆಲ್ಲ ಅದರಲ್ಲಿ ಸೇರುತ್ತದೆ. ಸಾಂಕ್ರಾಮಿಕ ರೋಗ ವಿಜ್ಞಾನ, ಜನಸಂಖ್ಯಾ ಶಾಸ್ತ್ರ, ಶಾಲಾ ಆರೋಗ್ಯ, ಸಣ್ಣಪುಟ್ಟ ಕಾಯಿಲೆಗಳ ಚಿಕಿತ್ಸೆ, ರೋಗ ಹರಡಿದಾಗ ನಡೆಸಬೇಕಾದ ತನಿಖೆ ಇವೂ ಪಠ್ಯದ ಭಾಗ.

ಮನೆಭೇಟಿಗೆ ಒಯ್ಯುವ ಚೀಲದ ಬಳಕೆಯೂ ಕಲಿಯಬೇಕಾದ ವಿದ್ಯೆಯೇ. ಚೀಲವನ್ನು ಹಾಸಿದ ಕಾಗದದ ಮೇಲಿಡಬೇಕು. ಮೊದಲು ಕೈ ತೊಳೆದು, ಅನಂತರವಷ್ಟೇ ಬೇಕಾದ ಉಪಕರಣ ಹೊರತೆಗೆಯಬೇಕು. ಬಳಸಿದ್ದನ್ನು ಶುಚಿಗೊಳಿಸದೆ ಒಳಗಿಡುವಂತಿಲ್ಲ. ಒಂದು ಮನೆಯ ಸೋಂಕನ್ನು ಇನ್ನೊಂದು ಮನೆಗೆ ದಾದಿಯೇ ಹೊತ್ತೊಯ್ಯಬಾರದೆಂಬುದು ಈ ಕಟ್ಟುಪಾಡಿನ ಉದ್ದೇಶ.

ನಾಲ್ಕು ತಾಲ್ಲೂಕು, ನಾಲ್ಕು ಪಾಠ

2018ರವರೆಗೆ ಜಮಖಂಡಿ ತಾಲ್ಲೂಕಿನ ಭಾಗವಾಗಿದ್ದ ರಬಕವಿ-ಬನಹಟ್ಟಿ ನೇಕಾರರ ನಾಡು. ಇಲ್ಲಿ ಅನೇಕ ಕಡೆ ಮನೆ ಮತ್ತು ಕಾರ್ಖಾನೆ ಎಂಬ ಭೇದವಿಲ್ಲ. ಮಗ್ಗವಿರುವ ಕೋಣೆಯ ಪಕ್ಕದಲ್ಲೇ ಅಡುಗೆ, ಮಕ್ಕಳ ಓದು. ವಿದ್ಯುತ್ ಮಗ್ಗದ ಸದ್ದು ವರ್ಷಾನುಗಟ್ಟಲೆ ಕಿವಿಗೆ ಬಿದ್ದರೆ ಶ್ರವಣಶಕ್ತಿ ಕುಗ್ಗುತ್ತದೆ. ಹತ್ತಿಯ ದೂಳು ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ. ಆ ದೂಳಿನಿಂದ ಬರುವ ಬಿಸಿನೋಸಿಸ್ ಕಾಯಿಲೆಗೆ ಒಂದು ವಿಶಿಷ್ಟ ಲಕ್ಷಣವುಂಟು: ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನವೇ ಎದೆ ಬಿಗಿತ ಹೆಚ್ಚು. ಆದರೆ ಎರಡು ವಾರ ಮೀರಿದ ಕೆಮ್ಮು ಕ್ಷಯವೂ ಆಗಿರಬಹುದು, ಅಂಥವರ ಕಫ ಪರೀಕ್ಷೆ ಆಗಲೇಬೇಕು. "ಮಗ್ಗದ ಕೆಮ್ಮು" ಎಂದು ಮನೆಯವರು ತಳ್ಳಿಹಾಕಿದ್ದನ್ನು ದಾದಿಯೂ ತಳ್ಳಿಹಾಕಿದರೆ, ಗಾಳಿಯಾಡದ ಆ ಕೋಣೆಯಲ್ಲಿ ಕ್ಷಯ ಇಡೀ ಕುಟುಂಬಕ್ಕೆ ಹರಡೀತು. ಉದ್ಯೋಗವನ್ನು ವಿಚಾರಿಸದೆ ರೋಗವನ್ನು ಅರಿಯಲಾಗದೆಂಬ ಪಾಠ ಇಲ್ಲಿ ಸಿಗುತ್ತದೆ.

ಘಟಪ್ರಭೆಯ ನೀರುಂಡ ಮುಧೋಳ ಕಬ್ಬಿನ ತಾಲ್ಲೂಕು. ಅಕ್ಟೋಬರ್-ನವೆಂಬರ್‌ನಲ್ಲಿ ಕಾರ್ಖಾನೆಗಳು ನುರಿಸುವಿಕೆ ಆರಂಭಿಸಿದೊಡನೆ ಕಟಾವು ಗ್ಯಾಂಗ್‌ಗಳು ಹೊರಗಿನಿಂದ ಬಂದಿಳಿಯುತ್ತವೆ. ಗಂಡ-ಹೆಂಡಿರು ಜೋಡಿಯಾಗಿ ದುಡಿಯುವ ಈ ಕುಟುಂಬಗಳು ಹೊಲದ ಅಂಚಿನ ಗುಡಿಸಲುಗಳಲ್ಲಿ ತಂಗಿ, ಒಂದು ಹೊಲ ಮುಗಿದರೆ ಇನ್ನೊಂದಕ್ಕೆ ಸಾಗುತ್ತವೆ. ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಕೂಸಿಗೆ ಸಿಗಬೇಕಾದ ಲಸಿಕೆಗಳು ಈ ಅಲೆದಾಟದಲ್ಲೇ ತಪ್ಪಿಹೋಗುವ ಅಪಾಯವಿದೆ. ಗರ್ಭಿಣಿಯ ತಾಯಿ ಕಾರ್ಡ್ ತವರೂರಿನಲ್ಲಿ, ದುಡಿಮೆ ಇಲ್ಲಿ. ಉಪಕೇಂದ್ರದ ನೋಂದಣಿ ಪುಸ್ತಕದಲ್ಲಿ ಇವರ ಹೆಸರಿಲ್ಲದಿದ್ದರೆ ಲೆಕ್ಕದ ಪ್ರಕಾರ ಊರಿನ ಗುರಿ ನೂರಕ್ಕೆ ನೂರು ಮುಟ್ಟಿರುತ್ತದೆ, ಗುಡಿಸಲಿನ ಮಗು ಮಾತ್ರ ಲಸಿಕೆಯಿಲ್ಲದೆ ಉಳಿದಿರುತ್ತದೆ.

ಬೀಳಗಿಯ ಕಥೆ ಬೇರೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಇಲ್ಲಿಯ ಅನೇಕ ಊರುಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದುಬಂದಿವೆ. ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆಯಿಂದ ಇನ್ನಷ್ಟು ಗ್ರಾಮಗಳು ಮುಳುಗಡೆಯ ಪಟ್ಟಿಗೆ ಸೇರುತ್ತವೆ. ಊರು ಎದ್ದಾಗ ಹಳೆಯ ಬಾವಿ, ಹಳೆಯ ನೆರೆಹೊರೆ, ಗೊತ್ತಿದ್ದ ಸೂಲಗಿತ್ತಿ, ಹೊಲದ ದುಡಿಮೆ ಎಲ್ಲವೂ ಒಟ್ಟಿಗೆ ದೂರವಾಗುತ್ತವೆ. ಹೊಸ ಜಾಗದಲ್ಲಿ ನೀರಿನ ಗುಣಮಟ್ಟ ಹೇಗಿದೆ, ನಿಂತ ನೀರಿನಲ್ಲಿ ಸೊಳ್ಳೆ ಬೆಳೆಯುತ್ತಿದೆಯೇ, ಒಂಟಿಯಾದ ವೃದ್ಧರು ಔಷಧ ನಿಲ್ಲಿಸಿದ್ದಾರೆಯೇ ಎಂಬುದನ್ನು ನೋಡುವುದೂ ಶುಶ್ರೂಷೆಯೇ.

ಕೃಷ್ಣೆಯ ದಡದ ಜಮಖಂಡಿ ತಾಲ್ಲೂಕಿನ ಗ್ರಾಮಗಳಿಗೆ ಪ್ರವಾಹ ಹೊಸತಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಜಿಲ್ಲೆಯ ಜನರು ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು. ಅಂಥ ಹೊತ್ತಿನಲ್ಲಿ ವಾಂತಿಭೇದಿಯ ಮೊದಲ ಪ್ರಕರಣ ಕಂಡೊಡನೆ ರೋಗಿಗಳ ಪಟ್ಟಿ ಮಾಡಿ, ಅವರೆಲ್ಲ ಕುಡಿದ ನೀರು ಯಾವುದೆಂದು ಹುಡುಕಬೇಕು. ಕ್ಲೋರಿನ್ ಬೆರೆಸಿ ಒಂದು ಗಂಟೆಯ ನಂತರವೂ ಲೀಟರ್ ನೀರಿನಲ್ಲಿ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ಪಠ್ಯದಲ್ಲಿ ಓದಿದ ರೋಗ ತನಿಖೆ ಇಲ್ಲಿ ಗಂಟೆಗಳ ಲೆಕ್ಕದಲ್ಲಿ ನಡೆಯಬೇಕಾದ ಕೆಲಸವಾಗುತ್ತದೆ.

ಜಿಲ್ಲೆ ಕಲಿಸಿದ ಹಿಂದಿನ ಪಾಠ

ಊರನ್ನು ಅರಿಯದೆ ರೋಗವನ್ನು ತಡೆಯಲಾಗದೆಂಬುದಕ್ಕೆ ಬಾಗಲಕೋಟೆಯಲ್ಲೇ ಪುರಾವೆಯಿದೆ. ಎಚ್‌ಐವಿ ನಗರಗಳ, ಹೆದ್ದಾರಿಗಳ ಸಮಸ್ಯೆ ಎಂದು ಭಾವಿಸಲಾಗಿದ್ದ ಕಾಲದಲ್ಲಿ ಈ ಜಿಲ್ಲೆಯ ಆರು ತಾಲ್ಲೂಕುಗಳ ಪೈಕಿ ಮೂರರಲ್ಲಿ ಸಮುದಾಯ ಆಧಾರಿತ ಸಮೀಕ್ಷೆ ನಡೆಯಿತು. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಪರೀಕ್ಷೆಗೊಳಗಾದ ವಯಸ್ಕರಲ್ಲಿ ಸುಮಾರು ಶೇ 3ರಷ್ಟು ಮಂದಿಗೆ ಸೋಂಕಿತ್ತು. ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಅದು ಹೆಚ್ಚಾಗಿತ್ತು. ಆಸ್ಪತ್ರೆಯಲ್ಲಿ ಕುಳಿತು ಎಣಿಸಿದ್ದರೆ ಈ ಚಿತ್ರ ಸಿಗುತ್ತಿರಲಿಲ್ಲ. ಗೌಪ್ಯತೆ ಕಾಯುವುದು, ಕಳಂಕದ ಭಯವಿಲ್ಲದಂತೆ ಮಾತನಾಡುವುದು, ಔಷಧವನ್ನು ಜೀವನಪರ್ಯಂತ ಮುಂದುವರಿಸುವಂತೆ ಒಲಿಸುವುದು ದಾದಿಯ ಕೌಶಲಗಳ ಪಟ್ಟಿಗೆ ಸೇರಿದವು.

ಹೆರಿಗೆಯ ವಿಷಯದಲ್ಲೂ ಹಾಗೆಯೇ. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213ರಷ್ಟಿದ್ದ ತಾಯಂದಿರ ಮರಣ 2018-20ರ ವೇಳೆಗೆ 69ಕ್ಕೆ ಇಳಿಯಿತು. ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಆದರೆ ಅದೇ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಸುಮಾರು ಅರ್ಧದಷ್ಟು ಮಹಿಳೆಯರು ರಕ್ತಹೀನತೆಯಿಂದ ಬಳಲುತ್ತಿರುವುದು ಕಂಡುಬಂದಿತು. ತಾಯಿಯನ್ನು ಆಸ್ಪತ್ರೆಗೆ ತಲುಪಿಸುವುದರಲ್ಲಿ ರಾಜ್ಯ ಬಹುದೂರ ಸಾಗಿದೆ. ಉಳಿದಿರುವ ಸಾವುಗಳನ್ನು ತಪ್ಪಿಸಲು ತಿಂಗಳುಗಳ ಮೊದಲೇ ಮನೆಯಲ್ಲಿ ಅಪಾಯವನ್ನು ಗುರುತಿಸಬೇಕು. ಹೆರಿಗೆಯ ಹೊತ್ತಿನಲ್ಲಿ ಸರಿಯಾದ ಆರೈಕೆ ಸಿಗಬೇಕು.

ಉಪಕೇಂದ್ರದ ಹೊಸ ಹೊಣೆ

ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ರೂಢಿಯ ಮಾನದಂಡ. ಹಿಂದೆ ಇಲ್ಲಿಯ ಕೆಲಸ ಬಹುಪಾಲು ತಾಯಿ-ಮಕ್ಕಳ ಆರೋಗ್ಯಕ್ಕೆ ಸೀಮಿತವಾಗಿತ್ತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಕಾರ್ಯಕ್ರಮ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿಸಿ, 'ಸಮುದಾಯ ಆರೋಗ್ಯ ಅಧಿಕಾರಿ' ಎಂಬ ಹುದ್ದೆಯನ್ನು ಅಲ್ಲಿಗೆ ತಂದಿತು. 2023ರ ಕೊನೆಯಲ್ಲಿ ಈ ಕೇಂದ್ರಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು ಬಂದಿತು.

ಮೂವತ್ತು ದಾಟಿದ ಎಲ್ಲರಲ್ಲೂ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆ, ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್‌ನ ಪ್ರಾಥಮಿಕ ಪರೀಕ್ಷೆ, ವೃದ್ಧರ ಆರೈಕೆ, ಮಾನಸಿಕ ಆರೋಗ್ಯ ಸೇರಿ ಒಟ್ಟು 12 ಬಗೆಯ ಸೇವೆಗಳನ್ನು ಈ ಕೇಂದ್ರಗಳಿಗೆ ವಹಿಸಲಾಗಿದೆ. ವೈದ್ಯರ ಸಲಹೆ ಬೇಕಾದಾಗ ಇ-ಸಂಜೀವಿನಿ ದೂರಸಂಪರ್ಕ ವ್ಯವಸ್ಥೆಯಿದೆ. ಮೊದಲಿಗೆ ನರ್ಸ್‌ಗಳನ್ನು ಈ ಹುದ್ದೆಗೆ ಸಿದ್ಧಗೊಳಿಸಲು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಆರು ತಿಂಗಳ ಪ್ರಮಾಣಪತ್ರ ಕೋರ್ಸ್ ಬಳಕೆಗೆ ಬಂದಿತು. ಅನಂತರ ಆ ಕೌಶಲಗಳನ್ನು ಪದವಿ ಪಠ್ಯದೊಳಗೇ ಸೇರಿಸಲಾಯಿತು.

ತೊಡಕು ಎಲ್ಲಿದೆ?

ಪಠ್ಯದಲ್ಲಿ ಎಲ್ಲವೂ ಇದೆ ಎಂದಮಾತ್ರಕ್ಕೆ ಕಲಿಕೆ ಆಯಿತೆಂದಲ್ಲ. ನಾಲ್ಕು ವರ್ಷಗಳ ಪದವಿಯಲ್ಲಿ ಊರಿನೊಳಗೆ ಕಳೆಯುವುದು ಕೆಲವೇ ವಾರ. ಅದೂ ಬಸ್ಸಿನಲ್ಲಿ ಬಂದು, ಕಡತದ ಪುಟ ತುಂಬಿಸಿ ಸಂಜೆ ಮರಳುವ ಪ್ರವಾಸವಾದರೆ, ಕಬ್ಬಿನ ಗ್ಯಾಂಗ್ ಬೆಳಗಿನ ಜಾವವೇ ಹೊಲಕ್ಕೆ ಹೋಗುತ್ತದೆ ಎಂಬುದೂ ವಿದ್ಯಾರ್ಥಿಗೆ ತಿಳಿಯದು. ಭಾಷೆ ಇನ್ನೊಂದು ಅಡ್ಡಿ. ಪಾಠ, ಪರೀಕ್ಷೆ ಇಂಗ್ಲಿಷಿನಲ್ಲಿ; "ಜಡ್ಡು", "ಬ್ಯಾನಿ" ಎಂದು ಹೇಳಿಕೊಳ್ಳುವ ಅಜ್ಜಿಯ ಮಾತು ಈ ಸೀಮೆಯ ಕನ್ನಡದಲ್ಲಿ. ಆ ಮಾತಿನೊಳಗಿನ ರೋಗಲಕ್ಷಣವನ್ನು ಹೆಕ್ಕಲು ಪುಸ್ತಕ ನೆರವಾಗದು.

ಪರಿಹಾರದ ಒಂದು ಮಾದರಿ ಉತ್ತರ ಕರ್ನಾಟಕದಲ್ಲೇ ರೂಪುಗೊಂಡಿತ್ತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮುಂತಾದವು ಪಾಲ್ಗೊಂಡ 'ಸುಕ್ಷೇಮ' ಯೋಜನೆ 2010ರ ದಶಕದ ಮೊದಲ ಭಾಗದಲ್ಲಿ ಬಾಗಲಕೋಟೆ ಸೇರಿ ಎಂಟು ಜಿಲ್ಲೆಗಳಲ್ಲಿ ನಡೆಯಿತು. ಅದರಡಿ ಬಳ್ಳಾರಿ, ಗುಲ್ಬರ್ಗ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಅಧ್ಯಯನ ನಡೆಸಿ, ಅರ್ಧದಷ್ಟು ಕೇಂದ್ರಗಳಿಗೆ ತರಬೇತಾದ ಅನುಭವಿ ದಾದಿಯರನ್ನು ಮಾರ್ಗದರ್ಶಕರಾಗಿ ಕಳುಹಿಸಲಾಯಿತು. ಅವರು ಕೆಲಸದ ಸ್ಥಳದಲ್ಲೇ ಪಕ್ಕದಲ್ಲಿ ನಿಂತು ಕಲಿಸಿದರು. ಆ ಕೇಂದ್ರಗಳ ಸಿಬ್ಬಂದಿ ಹೆರಿಗೆಯ ತೊಡಕುಗಳನ್ನು ನಿಭಾಯಿಸಲು ಉಳಿದವರಿಗಿಂತ ಹೆಚ್ಚು ಸಿದ್ಧರಾಗಿದ್ದರೆಂದು 2016ರಲ್ಲಿ ಪ್ರಕಟವಾದ ವರದಿ ತೋರಿಸಿತು. ಕ್ಷೇತ್ರಾಭ್ಯಾಸದ ವಿದ್ಯಾರ್ಥಿಗಳಿಗೂ, ಹೊಸದಾಗಿ ಉಪಕೇಂದ್ರಕ್ಕೆ ಬಂದವರಿಗೂ ಇಂಥ ಜೊತೆಗಾರ ಗುರುವೇ ಬೇಕು. ಊರಿನ ಒಳಹೊರಗು ಬಲ್ಲ ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿಯ ಅನುಭವವನ್ನು ಕಾಲೇಜುಗಳು ಬೋಧನೆಗೆ ಬಳಸಿಕೊಳ್ಳಬಹುದು.

ಯಾವ ಕೋರ್ಸ್, ಎಷ್ಟು ಅವಧಿ?

* ಎಎನ್‌ಎಂ: 2 ವರ್ಷಗಳ ಕೋರ್ಸ್. ತಾಯಿ-ಮಕ್ಕಳ ಆರೋಗ್ಯ ಮತ್ತು ಸಮುದಾಯ ಸೇವೆಗೆ ಒತ್ತು.
* ಜಿಎನ್‌ಎಂ: 3 ವರ್ಷಗಳ ಡಿಪ್ಲೊಮಾ.
* ಬಿ.ಎಸ್ಸಿ ನರ್ಸಿಂಗ್: 4 ವರ್ಷಗಳ ಪದವಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು.
* ಪೋಸ್ಟ್ ಬೇಸಿಕ್ ಬಿ.ಎಸ್ಸಿ: ಜಿಎನ್‌ಎಂ ಮುಗಿಸಿದವರಿಗೆ 2 ವರ್ಷ.
* ಎಂ.ಎಸ್ಸಿ ನರ್ಸಿಂಗ್: 2 ವರ್ಷ. ಸಮುದಾಯ ಆರೋಗ್ಯ ಶುಶ್ರೂಷೆಯನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳಬಹುದು.

ನರ್ಸಿಂಗ್ ಶಿಕ್ಷಣದ ನಿಯಂತ್ರಣಕ್ಕೆ 1947ರ ಕಾಯ್ದೆಯ ಬದಲು ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ರಚಿಸುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಕಾಯ್ದೆ, ಪಠ್ಯ, ಹುದ್ದೆಯ ಹೆಸರುಗಳು ಬದಲಾಗುತ್ತ ಬಂದಿವೆ. ಈ ಬದಲಾವಣೆಗಳು ಸಾರ್ಥಕವಾಗಬೇಕಾದರೆ ಮುಧೋಳದ ಕಬ್ಬಿನ ಗದ್ದೆಯಲ್ಲಿ ದುಡಿಯುವ ಗರ್ಭಿಣಿಯ ಹೆಸರು ಉಪಕೇಂದ್ರದ ಪುಸ್ತಕಕ್ಕೆ ಬರಬೇಕು, ಬನಹಟ್ಟಿಯ ನೇಕಾರನ ಕೆಮ್ಮಿಗೆ ಸಕಾಲದಲ್ಲಿ ಪರೀಕ್ಷೆಯಾಗಬೇಕು. ಅದಕ್ಕೆ ಬೇಕಾದ ತರಬೇತಿ ಕಾಲೇಜಿನ ಆವರಣದೊಳಗೇ ಮುಗಿಯುವಂಥದಲ್ಲ.